ಕೂತು ಕೇಳಲಾರದ ಗಮಕಿ

ಅಕ್ಷರದಲ್ಲಿ ಅರ್ಥವನ್ನೂ ಅರ್ಥದಲ್ಲಿ ರಸವನ್ನೂ ಇಟ್ಟು ಕಾಪಾಡುವ ತಾಯಿ ಶಾರದೆಗೆ ಮೊದಲ ನಮಸ್ಕಾರ. ನನ್ನ ಒಣಮಾತನ್ನು ಇಷ್ಟು ಕಾಲ ತಾಳ್ಮೆಯಿಂದ ಕೇಳಿದ ನಾಲ್ಕು ತಾಲ್ಲೂಕುಗಳ ಶ್ರೋತೃಗಳಿಗೆ, ಚಾಪೆ ಹಾಸಿ ದೀಪ ಹಚ್ಚಿಟ್ಟ ಕೈಗಳಿಗೆ, ಈ ಗಂಟಲನ್ನು ತಂಪಾಗಿರಿಸಿದ ಕಾವೇರಿಯ ನೀರಿಗೆ ನಾನು ಋಣಿ. ಎಲ್ಲಕ್ಕಿಂತ ಮಿಗಿಲಾಗಿ, ನನ್ನ ಎಡಗಡೆಯಲ್ಲಿ ಕುಳಿತು ಕಾವ್ಯಕ್ಕೆ ಉಸಿರು ಕೊಟ್ಟ ಒಬ್ಬ ಹೆಣ್ಣುಮಗಳಿಗೆ ಋಣಿ. ಆಕೆಯ ವಿಷಯವಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯುವ ಧೈರ್ಯವನ್ನು ದೈವ ನನಗೆ ಕರುಣಿಸಲಿ.

ಕಳೆದ ಕಾರ್ತಿಕದಲ್ಲಿ ಒಂದು ಜ್ವರದ ನೆಪದಲ್ಲಿ ಆಕೆ ತೀರಿಕೊಂಡರು. ಕೃಷ್ಣರಾಜನಗರದ ದೇವಸ್ಥಾನವೊಂದರ ಸಭಾಮಂಟಪದಲ್ಲಿ ಸಂತಾಪಸಭೆ ನಡೆಯಿತು. ಮಾತಾಡಿದವರೆಲ್ಲ ಆಕೆಯನ್ನು ಶ್ರದ್ಧೆಯ ಮೂರ್ತಿಯೆಂದರು, ಏಕಾಗ್ರತೆಯ ಪ್ರತಿರೂಪವೆಂದರು. ಒಬ್ಬರಂತೂ ಆಕೆ ಕುಳಿತರೆ ಕೆತ್ತಿಟ್ಟ ವಿಗ್ರಹದಂತೆ ಇರುತ್ತಿದ್ದರೆಂದು ಗದ್ಗದಿತರಾದರು. ನನ್ನ ಪಕ್ಕದಲ್ಲಿ ಆಕೆಯ ಶಾಲೆಯ ಅಡುಗೆಯಮ್ಮ ಕುಳಿತಿದ್ದರು. ಅವರು ಸೆರಗಿನ ಮರೆಯಿಂದ ನನ್ನ ಕಡೆ ವಾಲಿ, "ಸಾಮಿ, ಇವ್ರು ಯಾರ ಸುದ್ದಿ ಹೇಳ್ತಾವ್ರೆ?" ಎಂದು ಪಿಸುಗುಟ್ಟಿದರು. ನನಗೆ ನಗು ಬಂತು. ಶೋಕಸಭೆಯಲ್ಲಿ ನಕ್ಕದ್ದಕ್ಕೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಿನ ನಾಚಿಕೆ ಮನೆಗೆ ಬಂದ ಮೇಲೆ ಆಯಿತು. ಸತ್ತ ಮೇಲೂ ಆಕೆಯ ನಿಜವಾದ ರೂಪವನ್ನು ನಾವು ಸೆರಗು ಮುಚ್ಚಿ ಕಳುಹಿಸಿದೆವಲ್ಲ ಎನ್ನಿಸಿತು.

ಗಮಕವೆಂದರೆ ಇಬ್ಬರ ಕೆಲಸ. ಒಬ್ಬರು ಪದ್ಯವನ್ನು ರಾಗದಲ್ಲಿ ವಾಚಿಸುತ್ತಾರೆ; ಅವರು ಗಮಕಿ. ಇನ್ನೊಬ್ಬರು ಅದರ ಅರ್ಥವನ್ನು ಬಿಡಿಸಿ ಹೇಳುತ್ತಾರೆ, ಅವರು ವ್ಯಾಖ್ಯಾನಕಾರರು. ಒಂದು ಪದ್ಯ, ಅದರ ಹಿಂದೆ ಅರ್ಥ, ಮತ್ತೆ ಪದ್ಯ. ಸಂಜೆಯೆಲ್ಲ ಹೀಗೆ ಸಾಗುತ್ತದೆ. ನಾನು ಕನ್ನಡ ಪಂಡಿತನಾಗಿ ನಿವೃತ್ತನಾದವನು, ನನ್ನದು ವ್ಯಾಖ್ಯಾನ. ಆಕೆ ಬಿಳಿಕೆರೆಯ ಬಳಿಯ ಪ್ರಾಥಮಿಕ ಶಾಲೆಯೊಂದರ ಉಪಾಧ್ಯಾಯಿನಿ, ಮದುವೆಯಾಗಿರಲಿಲ್ಲ, ತಾಯಿಯೊಡನೆ ಇದ್ದವರು.

ಆಕೆಯ ಧ್ವನಿಯ ವಿಷಯ ಏನು ಹೇಳಲಿ? ಷಟ್ಪದಿಯ ಮೊದಲ ಸಾಲು ಹಿಡಿದರೆಂದರೆ ಆಕೆಗೆ ಲೋಕವಿರುತ್ತಿರಲಿಲ್ಲ. ಸೊಳ್ಳೆ ಕಚ್ಚಿದರೂ ತಿಳಿಯದು, ಕರೆಂಟು ಹೋದರೂ ನಿಲ್ಲಿಸರು. ಸಂಧಿಗೆ ಸಂಧಿಯೇ ಕಂಠಸ್ಥವಾಗಿತ್ತು. ಆದರೆ ಪದ್ಯ ಮುಗಿದು ನನ್ನ ಮಾತು ಶುರುವಾದ ಕ್ಷಣದಿಂದ ಆಕೆ ಬೇರೆ ವ್ಯಕ್ತಿ. ಬಳೆ ತಿರುಗಿಸುವರು, ಸೆರಗಿನ ತುದಿಯನ್ನು ಹುರಿ ಮಾಡಿ ಬಿಚ್ಚುವರು, ಪುಸ್ತಕದ ಹಾಳೆಗಳನ್ನು ಹಿಂದೆ ಮುಂದೆ ಮಗುಚುವರು, ತಂಬೂರಿಯವರ ಕಿವಿಯಲ್ಲಿ ಏನೋ ಹೇಳುವರು, ಮೊಣಕಾಲನ್ನು ಕುಣಿಸುವರು. ಒಮ್ಮೆ ನಾನು, "ಸ್ವಲ್ಪ ನೆಮ್ಮದಿಯಾಗಿ ಕೂರಬಾರದೇನಮ್ಮ?" ಎಂದೆ.

"ತಪ್ಪಾಯ್ತು ಸಾರ್. ಆದ್ರೆ ನಿಮ್ಮ ವ್ಯಾಖ್ಯಾನ ಎಷ್ಟು ಉದ್ದ ಅಂದ್ರೆ, ಅಷ್ಟೊತ್ತಿಗೆ ನಾನು ಭೇರ್ಯಕ್ಕೆ ಹೋಗಿ ನಮ್ಮವ್ವಂಗೆ ತರಕಾರಿ ಕೊಡಿಸ್ಕೊಟ್ಟು ವಾಪಸ್ ಬತ್ತೀನಿ," ಎಂದು ನಕ್ಕರು.

"ತಪ್ಪಾಯ್ತು" ಎಂಬುದು ಆಕೆಯ ಎಲ್ಲ ವಾಕ್ಯಗಳ ಬಾಗಿಲಾಗಿತ್ತು. ನನ್ನ ಕೈಯಿಂದ ಕಾಫಿಯ ಲೋಟ ಜಾರಿ ಬಿದ್ದರೂ ಆಕೆಯೇ "ತಪ್ಪಾಯ್ತು ಸಾರ್" ಎನ್ನುತ್ತಿದ್ದರು. ಕನ್ನಡಕ ಕಳೆದುಕೊಂಡು, ಕೊಡೆ ಮರೆತು, ಒಲೆಯ ಮೇಲಿನ ಹಾಲು ಸೀಯಿಸಿ, ಶಾಲೆಯ ಮಾಹಿತಿಯನ್ನು ಸಮಯಕ್ಕೆ ಕಳುಹಿಸದೆ, ದಿನವಿಡೀ ಯಾರಾದರೊಬ್ಬರ ಮುಂದೆ ತಲೆ ತಗ್ಗಿಸಿ ನಿಂತ ಅಭ್ಯಾಸ ಅದು. ಕೃಷ್ಣರಾಜನಗರದ ಬಸ್ಸು ಹತ್ತಬೇಕಾದವರು ಬಿಳಿಕೆರೆಯಲ್ಲಿ ಯಾರೊಡನೆಯೋ ಮಾತಾಡುತ್ತ ಎದುರಿಗೆ ನಿಂತ ಬಸ್ಸು ಹತ್ತಿ, ಹುಣಸೂರು ದಾಟಿದ್ದೂ ತಿಳಿಯದೆ, ಪಿರಿಯಾಪಟ್ಟಣದಿಂದ ಫೋನು ಮಾಡಿದ್ದುಂಟು. "ತಪ್ಪಾಯ್ತು ಸಾರ್, ಬತ್ತಾ ಇದೀನಿ, ದಾರೀಲಿದೀನಿ. ದಾರಿ ಮಾತ್ರ ಬೇರೆ!" ಸಭೆ ಕಾದು ಕುಳಿತಿತ್ತು. ಆ ಸಂಜೆ ಪದ್ಯವಿಲ್ಲದೆಯೇ ನಾನು ಅರ್ಥ ಹೇಳಿದೆ. ಬಹಳ ಜನ ಎದ್ದು ಹೋದರು.

ಶಾಲೆಯಲ್ಲಿಯೂ ಹಾಗೆಯೇ ಎಂದು ಅಡುಗೆಯಮ್ಮ ಹೇಳುತ್ತಿದ್ದರು. ಮಕ್ಕಳಿಗೆ ಆಕೆ ಪ್ರಾಣ. ಪಾಠ ಮಾಡುವಾಗ ಕುಣಿಯುತ್ತ, ಹಾಡುತ್ತ, ಬೆಂಚಿನಿಂದ ಬೆಂಚಿಗೆ ಓಡಾಡುತ್ತಿದ್ದರು. ಮೇಲಿನವರು ಬಂದಾಗ ಮಾತ್ರ ಆಕೆಯ ಮೇಜಿನ ಮೇಲೆ ಬೇಕಾದದ್ದು ಯಾವುದೂ ಸಿಗುತ್ತಿರಲಿಲ್ಲ. ಎಲ್ಲರೂ ಆಕೆಯನ್ನು ಬೈಯುತ್ತಿದ್ದರು, ಎಲ್ಲರೂ ಕ್ಷಮಿಸುತ್ತಿದ್ದರು. ಹಾಗೆ ಕ್ಷಮೆ ಪಡೆದುಕೊಂಡೇ ಬಾಳುವುದು ಎಷ್ಟು ಭಾರವೆಂದು ಕೇಳಿದವರು ಯಾರೂ ಇರಲಿಲ್ಲ.

ಎಲ್ಲವೂ ಕೆಟ್ಟದ್ದು ಒಂದು ಮದುವೆಯ ಮನೆಯಲ್ಲಿ.

ಪಟ್ಟಣದಲ್ಲಿ ಬಹುಕಾಲದಿಂದ ವ್ಯಾಪಾರ ನಡೆಸಿಕೊಂಡು ಬಂದ ಶಿವಭಕ್ತರ ಮನೆತನವದು. ಮಗಳ ಮದುವೆಯ ಹಿಂದಿನ ವಾರ ಮನೆಯಂಗಳದಲ್ಲಿ ಸ್ವಯಂವರದ ಭಾಗವನ್ನು ವಾಚನ ಮಾಡಿಸಿದರೆ ಮಂಗಳವೆಂದು ನಮ್ಮನ್ನು ಕರೆಸಿದ್ದರು. ಮದುಮಗಳು ಹಸಿರು ಸೀರೆಯುಟ್ಟು ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದಳು. ನಮ್ಮ ಗಮಕಿ ಮೊದಲ ಪದ್ಯಗಳನ್ನು ಸೊಗಸಾಗಿ ಹಾಡಿದರು. ಹಾರ ಹಾಕುವ ಘಟ್ಟ ಬಂದಾಗ ನಾನು ಶ್ರದ್ಧೆಯ ವಿಚಾರವನ್ನು ಎತ್ತಿಕೊಂಡೆ. ಮನಸ್ಸನ್ನು ಒಂದೆಡೆ ನಿಲ್ಲಿಸುವುದೇ ಶ್ರದ್ಧೆ, ಅದು ಇಲ್ಲದ ಪೂಜೆ ಪೂಜೆಯಲ್ಲ, ಅದು ಇಲ್ಲದ ಗೃಹಸ್ಥಾಶ್ರಮವೂ ಇಲ್ಲ ಎಂದು ವಿಸ್ತರಿಸುತ್ತ ಹೋದೆ. ನನ್ನ ಎಡಗಡೆ ಹಾಳೆಗಳು ಸರಸರನೆ ಮಗುಚುವ ಸದ್ದು ಕೇಳುತ್ತಿತ್ತು. ಕೊನೆಗೆ ನಾನು ಮಾತು ಮುಗಿಸಿ ಆಕೆಯ ಕಡೆ ತಲೆಯಾಡಿಸಿದೆ.

ಆಕೆ ಕಣ್ಣು ಮುಚ್ಚಿ ಹಾಡಿದರು. ಹಾಡಿದ್ದು ಯುದ್ಧ ಮುಗಿದ ಮೇಲೆ ಹೆಂಗಸರು ರಣಭೂಮಿಯಲ್ಲಿ ಗಂಡಂದಿರ ಹೆಣ ಹುಡುಕುವ ಪದ್ಯವನ್ನು.

ನನ್ನ ಮಾತಿನ ನಡುವೆ ಆಕೆಯ ಮನಸ್ಸು ಕಾವ್ಯದ ಆ ಕೊನೆಗೆ ಹೋಗಿ ಅಲ್ಲೇ ನಿಂತುಬಿಟ್ಟಿತ್ತು. ಅಷ್ಟು ಚೆನ್ನಾಗಿ ಆಕೆ ಎಂದೂ ಹಾಡಿರಲಿಲ್ಲ, ಘೋರವಾದದ್ದು ಅದೇ. ಏನು ಹಾಡುತ್ತಿದ್ದಾರೆಂದು ತಿಳಿಯುವ ಮೊದಲೇ ಕೆಲವರ ಕಣ್ಣಲ್ಲಿ ನೀರು ಬಂದಿತ್ತು. ಅಜ್ಜಿ ಎದ್ದರು. ಮೊಮ್ಮಗಳ ಕೈ ಹಿಡಿದು ಒಳಕ್ಕೆ ಕರೆದುಕೊಂಡು ಹೋದರು. ಮನೆಯ ಯಜಮಾನರು ಸಜ್ಜನರು; "ಊಟ ಮಾಡ್ಕೊಂಡೇ ಹೋಗ್ಬೇಕು," ಎಂದರು. ಆದರೆ ಬಡಿಸುವವರು ಯಾರೂ ಆಕೆಯ ಎಲೆಯ ಹತ್ತಿರ ಸುಳಿಯಲಿಲ್ಲ. ಹಿಂದಿನಿಂದ ಒಂದು ದನಿ ಬಂತು: "ಪಂಡಿತರೇ ಅಂದಿಲ್ವಾ? ಶ್ರದ್ಧೆ ಇಲ್ಲ ಅಂದ್ರೆ ಇಂಗೇ ಆಗೋದು ಕಣ್ಲಾ."

ನನ್ನ ಮಾತನ್ನೇ ಎತ್ತಿ ಆಕೆಯ ಎಲೆಯ ಮೇಲೆ ಬಡಿಸಿದ್ದರು.

ಬಸ್ ನಿಲ್ದಾಣದ ದಾರಿಯಲ್ಲಿ ಆಕೆ ಅಂದು ಮೊದಲ ಬಾರಿಗೆ "ತಪ್ಪಾಯ್ತು" ಎನ್ನಲಿಲ್ಲ. ಬಹಳ ದೂರ ನಡೆದ ಮೇಲೆ ಕೇಳಿದರು: "ಸಾರ್, ನಾನು ದಿನಾ ಪೂಜೆ ಮಾಡ್ತೀನಿ. ಮಂಗಳಾರತಿ ಎತ್ತಿದಾಗ್ಲೂ ಮನಸ್ಸು ಎಲ್ಲೋ ಇರುತ್ತೆ. ನಂಗೆ ದೇವರ ಮೇಲೆ ಭಕ್ತಿನೇ ಇಲ್ವಾ?"

ಶಾಸ್ತ್ರ ಓದಿದ ನಾನು ಬಸ್ಸಿಗೆ ಹೊತ್ತಾಯಿತೆಂದು ಹೆಜ್ಜೆ ಬೇಗ ಹಾಕಿದೆ.

ಅಲ್ಲಿಂದ ಮುಂದೆ ವಾಚನಕ್ಕೆ ಕರೆ ಬರುವುದು ನಿಂತಿತು. ಆಕೆಗೆ ನಿದ್ರೆ ಹೋಯಿತು, ಊಟ ಸೇರದಾಯಿತು. ಪುಸ್ತಕವನ್ನು ದೇವರ ಗೂಡಿನ ಹಿಂದೆ ಇಟ್ಟು, ಇನ್ನು ಈ ಪಾಪದ ನಾಲಿಗೆಯಲ್ಲಿ ಕಾವ್ಯ ಮುಟ್ಟುವುದಿಲ್ಲವೆಂದರು. ಅಡುಗೆಯಮ್ಮನೇ ಬಲವಂತ ಮಾಡಿ ಹುಣಸೂರಿನ ಆಸ್ಪತ್ರೆಗೆ ವಾರಕ್ಕೊಮ್ಮೆ ಬರುತ್ತಿದ್ದ ಮನೋವೈದ್ಯೆಯ ಬಳಿ ಕರೆದುಕೊಂಡು ಹೋದರು. ನಿದ್ರೆಗೊಂದು ಮಾತ್ರೆ ಸಿಕ್ಕರೆ ಸಾಕೆಂದು ಹೋದವರು ಆಕೆ.

ಆ ವೈದ್ಯೆ ಚಿಕ್ಕ ವಯಸ್ಸಿನವರು. ಮಾತ್ರೆಗಿಂತ ಮೊದಲು ಪ್ರಶ್ನೆ ಕೇಳಿದರಂತೆ. ನಿದ್ರೆ ಹೋದದ್ದು ಈಚೆಗೆ, ಮರೆವು ಎಂದಿನಿಂದ? ಮನೆಯಲ್ಲಿ ಮಾತ್ರವೋ, ಶಾಲೆಯಲ್ಲಿಯೂ ಉಂಟೋ? ಬೇರೆಯವರ ಮಾತು ಮುಗಿಯುವ ಮೊದಲೇ ಉತ್ತರ ಹೇಳಿಬಿಡುತ್ತೀರಾ? ಸರದಿಯಲ್ಲಿ ನಿಲ್ಲಬಲ್ಲಿರಾ? ಆಕೆ, "ಡಾಕ್ಟ್ರೇ, ಹಾಡೋವಾಗ ನಂಗೆ ಲೋಕನೇ ಮರೆತು ಹೋಗುತ್ತೆ. ಗಮನ ಇಲ್ದೇ ಇದ್ರೆ ಅದಾದ್ರೂ ಹೆಂಗೆ ಆಗುತ್ತೆ?" ಎಂದು ಕೇಳಿದರಂತೆ. ಅದಕ್ಕೆ ವೈದ್ಯೆ, "ನಿಮಗೆ ಗಮನ ಇಲ್ಲ ಅಂತ ನಾನು ಹೇಳ್ತಿಲ್ಲ. ಅದು ನೀವು ಕರೆದ ಕಡೆ ಬರಲ್ಲ, ಹೋದ ಕಡೆಯಿಂದ ಬಿಡಿಸಿಕೊಳ್ಳಲ್ಲ. ಪ್ರೀತಿಯ ಕೆಲಸದಲ್ಲಿ ಮುಳುಗಿಹೋಗೋದೂ ಇದರಲ್ಲಿ ಉಂಟು," ಎಂದರಂತೆ. ಥೈರಾಯ್ಡಿಗೆ ರಕ್ತ ಪರೀಕ್ಷೆ ಮಾಡಿಸಿದರು. ದುಃಖವೇ ಮೂಲವೋ, ನಿದ್ರೆಗೇಡೇ ಮೂಲವೋ ಎಂದು ಮತ್ತೆ ಮತ್ತೆ ಕರೆಸಿ ನೋಡಿದರು. ಕೊನೆಗೆ, "ಇದನ್ನು ಹೇಳುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನೂ ಇಲ್ಲ. ಇದು ಚಿಕ್ಕಂದಿನಿಂದ ಇದ್ದಿದ್ದೇ ಆಗಿರಬೇಕು. ನಿಮ್ಮನ್ನು ಮಗುವಾಗಿ ಕಂಡವರು ಯಾರಾದರೂ ಬಂದು ಹೇಳಬೇಕು. ಈಗ ನಿಮ್ಮ ಜೊತೆ ಕೆಲಸ ಮಾಡುವವರೂ ಒಬ್ಬರು ಬರಲಿ," ಎಂದರು.

ಹಾಗಾಗಿ ಆಕೆಯ ತಾಯಿಯೂ ನಾನೂ ಹುಣಸೂರಿಗೆ ಹೋದೆವು.

ತಾಯಿ ಭೇರ್ಯದ ಕಡೆಯ ಒಕ್ಕಲು ಮನೆತನದವರು. ಅಂದು ಜರಿಯಂಚಿನ ಸೀರೆಯುಟ್ಟು, ಹಣೆ ತುಂಬ ವಿಭೂತಿ ಧರಿಸಿ, ತಟ್ಟೆಯಲ್ಲಿ ಬಾಳೆಹಣ್ಣು ಹಿಡಿದುಕೊಂಡು ಬಂದಿದ್ದರು. ಆಸ್ಪತ್ರೆಗೆ ಹಣ್ಣೇಕೆಂದು ನಾನು ಅಚ್ಚರಿಪಟ್ಟೆ. ವೈದ್ಯೆಯ ಕೋಣೆಯಲ್ಲಿ ಕಾರಣ ತಿಳಿಯಿತು.

"ಇವರು ಚಿಕ್ಕವರಾಗಿದ್ದಾಗ ಹೇಗಿದ್ದರಮ್ಮ?" ಎಂದರು ವೈದ್ಯೆ.

"ಚಿನ್ನದಂಥ ಮಗ ಕಣವ್ವ," ತಾಯಿ ಹಣ್ಣಿನ ತಟ್ಟೆಯನ್ನು ಮೇಜಿನ ಮೇಲೆ ಸರಿಸಿದರು. "ಕೂರ್ಸಿದ್ ಕಡೆ ಕೂತಿರೋಳು. ಒಂದ್ ದಿನ ಎದುರು ಮಾತಾಡ್ದೋಳಲ್ಲ. ರೊಟ್ಟಿ ತಟ್ಟದು, ಮುದ್ದೆ ಮಾಡದು, ರಂಗೋಲಿ, ಎಲ್ಲ ಬತ್ತದೆ."

"ಶಾಲೆಯಿಂದ ದೂರು ಬರುತ್ತಿತ್ತಾ?"

"ಶಾಲೇಲೆಲ್ಲ ಮೇಷ್ಟ್ರುಗಳು ಹೊಗಳೋರು."

"ವಸ್ತುಗಳನ್ನು ಕಳೆದುಕೊಂಡು ಬರುತ್ತಿದ್ದರಾ?"

"ಅಯ್ಯೋ, ಒಂದ್ ಬಳಪನೂ ಕಳೆದೋಳಲ್ಲ. ಬಲು ಜೋಪಾನ."

ವೈದ್ಯೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಹೆಣ್ಣು ಕೇಳಲು ಬಂದವರ ಮುಂದೆ ಹೇಳುವ ಮಾತುಗಳು ಅವು. ಆಕೆಗೆ ವಯಸ್ಸಿದ್ದ ಕಾಲದಲ್ಲಿ ಬಂದ ನೆಂಟಸ್ತನಗಳೆಲ್ಲ, "ಹುಡುಗಿ ಚಂಚಲೆಯಂತೆ" ಎಂದು ಅಕ್ಕಪಕ್ಕದವರು ಆಡಿದ ಮಾತಿಗೆ ಮುರಿದು ಹೋಗಿದ್ದವು. ಅಂದಿನಿಂದ ಮಗಳ ವಿಷಯ ಯಾರು ಏನು ಕೇಳಿದರೂ ತಾಯಿಗೆ ಉತ್ತರ ಇದೊಂದೇ. ಮದುವೆಯ ಆಸೆ ಕಳೆದು ಎಷ್ಟೋ ಕಾಲವಾಗಿತ್ತು. ಉತ್ತರ ಮಾತ್ರ ನಾಲಿಗೆಯ ಮೇಲೆ ಉಳಿದುಕೊಂಡಿತ್ತು.

ವೈದ್ಯೆ ಲೇಖನಿ ಕೆಳಗಿಟ್ಟರು. "ಚಿಕ್ಕಂದಿನಲ್ಲಿ ಏನೂ ಇರಲಿಲ್ಲ ಅಂದರೆ, ನಾನು ಇದನ್ನು ಆ ತೊಂದರೆ ಅಂತ ಹೇಳೋಕೆ ಆಗಲ್ಲ," ಎಂದು ಮೆಲ್ಲನೆ ಹೇಳಿದರು.

ಆಗ ಆಕೆ ಕುರ್ಚಿಯಿಂದೆದ್ದು ತಾಯಿಯ ಮುಂದೆ ನೆಲದ ಮೇಲೆ ಕುಳಿತರು. "ಅವ್ವಾ, ಇವ್ರು ಗಂಡಿನ ಕಡೆಯೋರಲ್ಲ ಕಣವ್ವ."

"ಸುಮ್ನಿರು. ನಾಕು ಜನದ್ ಮುಂದೆ ಏನೇನೋ ಆಡ್ಬೇಡ."

"ನೀನು ನಿಜ ಹೇಳ್ಲಿಲ್ಲ ಅಂದ್ರೆ ನಾನು ಪಾಪಿಷ್ಠಳೇ ಆಗ್ಬಿಡ್ತೀನಿ ಕಣವ್ವ. ಕಾಯಿಲೆಯೋ ಪಾಪವೋ, ನಂಗೆ ಗೊತ್ತಾಗ್ಬೇಕು. ಹೇಳವ್ವಾ, ನಿನ್ ಕಾಲಿಗೆ ಬೀಳ್ತೀನಿ."

ತಾಯಿ ಹಣ್ಣಿನ ತಟ್ಟೆಯನ್ನು ಮೇಜಿನಿಂದ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೇಳಿದರು: "ಕಟ್ ಹಾಕ್ತಿದ್ದೆ ಕಣವ್ವ. ನನ್ ಸೀರೆ ಸೆರಗಲ್ಲೇ, ಪಡಸಾಲೆ ಕಂಬಕ್ಕೆ. ಅಕ್ಷರ ತಿದ್ದು ಅಂದ್ರೆ ಕೂರ್ತಾನೇ ಇರ್ಲಿಲ್ಲ. ಉಣ್ಣಾಕೂ ಕೂರೋಳಲ್ಲ, ಓಡಾಡ್ಕಂಡೇ ಉಣ್ಣೋಳು. ಮೇಷ್ಟ್ರು ಬೆತ್ತ ಮುರಿಯಂಗೆ ಹೊಡೆದ್ರು. ದನ ಕಾಯಾಕೆ ಕಳಿಸಿದ್ರೆ ದನ ಒಂದ್ ಕಡೆ, ಇವ್ಳು ಒಂದ್ ಕಡೆ. ಒಂದಿನ ಬಾವಿ ಹಗ್ಗ ಬುಟ್ಟು ಏನೋ ನೋಡ್ತಾ ನಿಂತವ್ಳೆ, ಕೊಡ ಒಳಕ್ಕೋಗ್ಬುಟ್ಟದೆ. ನಾನು ಕೊಳ್ಳಿ ತಗಂಡು..." ಅಷ್ಟು ಹೇಳಿ ಮಗಳ ಎಡಗೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಗಾಯದ ಗುರುತಿತ್ತು. ಪಕ್ಕದಲ್ಲಿ ಕುಳಿತು ಇಷ್ಟು ಕಾಲ ನಾನು ನೋಡಿದ್ದ ಕೈ ಅದು. ಬಳೆ ತಿರುಗಿಸುವ ಚಾಪಲ್ಯವನ್ನು ಕಂಡೆನೇ ಹೊರತು ಬಳೆಯ ಕೆಳಗಿನದನ್ನು ಕಂಡಿರಲಿಲ್ಲ.

"ಸೊಕ್ಕು ಅಂದ್ಕಂಡೆ ಕಣವ್ವ, ಕಾಯಿಲೆ ಅಂತ ನಂಗೇನ್ ಗೊತ್ತು?" ಎಂದು ತಾಯಿ ಅತ್ತರು. ಆಕೆ ಮಾತ್ರ ತಾಯಿಯ ಮಂಡಿ ಸವರುತ್ತ, "ತಪ್ಪಾಯ್ತು ಬುಡವ್ವ, ತಪ್ಪಾಯ್ತು ಬುಡು," ಎನ್ನುತ್ತಿದ್ದರು. ಗಾಯಗೊಂಡವರೇ ತಪ್ಪೊಪ್ಪಿಕೊಳ್ಳುವುದನ್ನು ನೋಡುತ್ತ ಕೂರುವುದಕ್ಕಿಂತ ದೊಡ್ಡ ನಾಚಿಕೆ ನನ್ನ ಜೀವಮಾನದಲ್ಲಿ ಬೇರೆ ಬಂದಿಲ್ಲ.

ಬಳಿಕ ನನ್ನ ಸರದಿ. ವ್ಯಾಖ್ಯಾನದ ಹೊತ್ತಿನಲ್ಲಿ ಏನೇನು ನಡೆಯುತ್ತಿತ್ತೆಂದು ಹೇಳಿದೆ. ಒಬ್ಬ ಕಲಾವಿದೆಯನ್ನು ಎದುರಿಗೆ ಕೂರಿಸಿಕೊಂಡು ಅವಳ ಕೊರತೆಗಳನ್ನು ಒಂದೊಂದಾಗಿ ಹೇಳುವುದು ಚಾಡಿ ಹೇಳಿದಂತೆಯೇ ತೋರುತ್ತಿತ್ತು. ನಾನು ತಡವರಿಸಿದಾಗೆಲ್ಲ ಆಕೆಯೇ ನೆನಪಿಸುತ್ತಿದ್ದರು: "ಪಿರಿಯಾಪಟ್ಟಣದ್ದು ಹೇಳಿ ಸಾರ್. ತಂಬೂರಿಯವರ ಕಿವಿ ಕಚ್ಚಿದ್ದು ಹೇಳಿ." ವೈದ್ಯೆಗೂ ನಗು ತಡೆಯಲಾಗಲಿಲ್ಲ.

ಮುಂದಿನ ಭೇಟಿಗೂ ನಾನು ಜೊತೆಗೆ ಹೋಗಿದ್ದೆ. ವೈದ್ಯೆ ತೊಂದರೆಯ ಹೆಸರು ಹೇಳಿದರು: ಎ.ಡಿ.ಎಚ್.ಡಿ., ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ. ಹುಟ್ಟಿನಿಂದ ಮಿದುಳು ನಡೆಯುವ ರೀತಿಯೇ ಹಾಗೆ. ಹೆಣ್ಣುಮಕ್ಕಳಲ್ಲಿ ಇದನ್ನು ಬಾಯಿಬಡುಕತನವೆಂದೋ ಹಗಲುಗನಸೆಂದೋ ತಳ್ಳಿಹಾಕುವುದರಿಂದ ಎಷ್ಟೋ ಜನರಿಗೆ ತಿಳಿಯುವುದೇ ಇಲ್ಲ ಎಂದರು. ಔಷಧವುಂಟು, ಅಭ್ಯಾಸದ ಉಪಾಯಗಳುಂಟು, ಪೂರ್ತಿ ಹೋಗುವಂಥದ್ದಲ್ಲ ಎಂದೂ ಹೇಳಿದರು.

"ಹಂಗಾರೆ ಶ್ರದ್ಧೆ ಇಲ್ಲ ಅಂತ ಅಲ್ವಾ ಡಾಕ್ಟ್ರೇ?"

"ಶ್ರದ್ಧೆ ನನ್ನ ವಿಷಯ ಅಲ್ಲ. ಅದನ್ನು ನಿಮ್ಮ ಪಂಡಿತರನ್ನೇ ಕೇಳಿ," ಎಂದರು ವೈದ್ಯೆ.

ಇಬ್ಬರೂ ನನ್ನ ಕಡೆ ತಿರುಗಿದರು. "ಮನಸ್ಸು ನಿಲ್ಲುವುದು ಶ್ರದ್ಧೆಯಲ್ಲಮ್ಮ," ಎಂದೆ. "ನಿಲ್ಲದ ಮನಸ್ಸನ್ನು ದಿನವೂ ದೇವರ ಮುಂದೆ ಕರೆದು ತರುತ್ತೀರಲ್ಲ, ಅದು." ಗ್ರಂಥದಲ್ಲಿ ಓದಿ ಹೇಳಿದ ಮಾತಲ್ಲ ಅದು. ಆಕೆ ಒಂದು ಕ್ಷಣ, ಒಂದೇ ಕ್ಷಣ, ಕೈ ಕಾಲು ಆಡಿಸದೆ ಕುಳಿತಿದ್ದರು.

ಔಷಧ ಸ್ವಲ್ಪ ಒಗ್ಗಿತು, ಸ್ವಲ್ಪ ಹಸಿವನ್ನು ಕೆಡಿಸಿತು. ಆಕೆ ಮತ್ತೆ ಹಾಡಲು ಕುಳಿತರು. ಕರೆಯುವವರು ಮೊದಲಿನಷ್ಟು ಇರಲಿಲ್ಲ. ಕೆಲವರು ಕರೆದು, ವಿಷಯ ತಿಳಿದ ಮೇಲೆ ಬೇರೆ ಗಮಕಿಯನ್ನು ಹುಡುಕಿಕೊಂಡರು. ವಾಚನದ ಮೊದಲಿಗೆ ಆಕೆಯೇ ಕೈ ಮುಗಿದು ಹೇಳುತ್ತಿದ್ದರು: "ನಂಗೆ ಇಂಥದೊಂದು ತೊಂದರೆ ಇದೆ. ಅರ್ಥ ಹೇಳೋವಾಗ ನಾನು ಎದ್ದು ಹಿಂದೆ ಓಡಾಡ್ತೀನಿ. ದಯವಿಟ್ಟು ಬೇಜಾರು ಮಾಡ್ಕೋಬೇಡಿ." ಹಾಗೆ ಹೇಳುವಾಗ ಮುಂದಿನ ಸಾಲಿನಲ್ಲಿ ಕುಳಿತ ತಾಯಿ ಸೆರಗನ್ನು ಹಣೆಯವರೆಗೆ ಎಳೆದುಕೊಳ್ಳುತ್ತಿದ್ದರು. "ಹೇಳ್ಲೇಬೇಕಾ ಎಲ್ಲಾರ್ಗೂ?" ಎಂದು ನನ್ನನ್ನು ಪ್ರತಿ ಸಲವೂ ಕೇಳುತ್ತಿದ್ದರು.

ಭೇರ್ಯದಲ್ಲಿ ಶ್ರಾವಣದ ವಾಚನ ಬಂತು. ತಾಯಿಯ ಸ್ವಂತ ಜನ. ಹಿಂದೆ ನೆಂಟಸ್ತನ ಮುರಿದ ಮನೆಗಳವರೂ ಅಲ್ಲಿದ್ದರು. ಬಸ್ಸು ತಡವಾಗಿ ಬಂದದ್ದರಿಂದ ಆಕೆ ಮೊದಲ ಮಾತು ಹೇಳದೆ ನೇರವಾಗಿ ಪದ್ಯ ಹಿಡಿದರು. ನಾನು ಅರ್ಥ ಶುರು ಮಾಡಿದೆ. ಆಕೆ ಎದ್ದು, ಗೋಡೆಯ ಬದಿಯಲ್ಲಿ ಅತ್ತಿಂದಿತ್ತ ನಡೆಯತೊಡಗಿದರು. ಸಭೆಯಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನ ಮುದುಕಿಯೊಬ್ಬರು ಎಲ್ಲರಿಗೂ ಕೇಳುವಂತೆ, "ಏನಕ್ಕಾ ನಿನ್ ಮಗ್ಳು? ಸಾಮಿಗಳು ದೇವ್ರ ಮಾತಾಡ್ತಿದ್ರೆ ಕಾಲು ಸುಟ್ಟ ಬೆಕ್ಕಿನಂಗೆ ಸುತ್ತಾವ್ಳೆ? ಇನ್ನೂ ಬುದ್ಧಿ ಬಂದಿಲ್ವಾ?" ಎಂದರು.

ನನ್ನ ಮಾತು ನಿಂತಿತು. ಆಕೆಯ ನಡಿಗೆಯೂ ನಿಂತಿತು. ಆಕೆಯ ತುಟಿ ಆ ಹಳೆಯ ಮಾತಿಗೆ ತೆರೆಯುತ್ತಿದ್ದುದನ್ನು ಕಂಡೆ.

ಅಷ್ಟರಲ್ಲಿ ತಾಯಿ ಎದ್ದು ನಿಂತರು. ಹಣೆಯ ಮೇಲಿನ ಸೆರಗು ಹೆಗಲಿಗೆ ಜಾರಿತು. ಮುಖ ಕೆಂಪಾಗಿತ್ತು. ಆ ನಾಚಿಕೆಯೊಳಗಿಂದಲೇ ಮಾತು ಬಂತು. "ಅವ್ಳು ಚಿಕ್ಕೋಳಿಂದ್ಲೂ ಹಂಗೇ ಕಣಕ್ಕ. ಕೂತ್ಕಂಡು ಕೇಳಾಕ್ ಆಗಾಕಿಲ್ಲ ಅವ್ಳಿಗೆ. ಕಾಯಿಲೆ ಅಂತೆ, ಡಾಕ್ಟ್ರು ಏಳವ್ರೆ. ನಾನು ನಿಮ್ಗೆಲ್ಲ ಸುಳ್ಳು ಏಳ್ತಿದ್ದೆ."

ತಾಯಿ ಮಗಳ ಕಡೆ ತಿರುಗಿ, ನಡೆ ನಡೆ ಎಂಬಂತೆ ಕೈ ಬೀಸಿದರು. ಆಮೇಲೆ ನನ್ನ ಕಡೆ ನೋಡಿ, "ನೀವು ಅರ್ಥ ಏಳಿ ಸಾಮಿ. ಅವ್ಳು ಕೇಳುಸ್ಕತಾವ್ಳೆ," ಎಂದರು.

ನಾನು ಹೇಳಿದೆ. ಗೋಡೆಯ ಬದಿಯ ಹೆಜ್ಜೆಯ ಸದ್ದು ಮತ್ತೆ ಶುರುವಾಯಿತು. ಅರ್ಥ ಮುಗಿದಾಗ ಆಕೆ ಬಂದು ಕುಳಿತು, ಮುಂದಿನ ಪದ್ಯವನ್ನೇ ಹಾಡಿದರು.

ಸುಳ್ಳನ್ನು ಅಂಗಳದ ನಡುವೆ ಇಳಿಸಿ ನಿಂತ ಆ ತಾಯಿಗೆ ನೆಮ್ಮದಿಯ ದಿನಗಳು ದೊರೆಯಲಿ. ಕೇಳಿ, ಕಾದು, ಹೆಸರಿಟ್ಟ ವೈದ್ಯೆಯ ಕೈಗುಣ ಬೆಳೆಯಲಿ. ಆಸ್ಪತ್ರೆಯ ದಾರಿ ತೋರಿಸಿದ ಅಡುಗೆಯಮ್ಮನ ಒಲೆ ಸದಾ ಉರಿಯಲಿ. ಎದ್ದು ಹೋದ ಅಜ್ಜಿಗೂ, ಅಂದಿನ ಮದುಮಗಳಿಗೂ, ಗುಸುಗುಟ್ಟಿದವರಿಗೂ ಮಂಗಳವಾಗಲಿ. ನಮ್ಮ ಹಳ್ಳಿಗಳ ಪಡಸಾಲೆಗಳಲ್ಲಿ ಇಂದು ಬೈಗುಳ ತಿನ್ನುತ್ತಿರುವ ಅಂಥ ಮಕ್ಕಳನ್ನೆಲ್ಲ ಯಾರಾದರೂ ಸಕಾಲದಲ್ಲಿ ಗುರುತಿಸಲಿ. ನನ್ನ ಎಡಗಡೆ ಕುಳಿತಿದ್ದ ಆ ಪುಣ್ಯಜೀವಿಗೆ, ಕೂತೇ ಇರಬೇಕೆಂಬ ಕಟ್ಟಳೆಯಿಲ್ಲದ ಲೋಕ ದೊರೆತಿರಲಿ.